ಪಾಲು ಮತ್ತು ಪಾತ್ರ: ಕಂಪನಿ ಕಟ್ಟಿದ ಪ್ರೇಮಕಥೆಗಳನ್ನು ಓದುತ್ತಾ

ಕನ್ನಡದ ಪ್ರೇಮಕಾದಂಬರಿಯ ನಾಯಕನಿಗೆ ಒಂದು ಒಳ್ಳೆಯ ಉದ್ಯೋಗವಿರುವುದು ಹಿಂದಿನಿಂದ ಬಂದ ವಾಡಿಕೆ. ಅವನು ವೈದ್ಯನಾಗಿರುತ್ತಿದ್ದ, ಇಂಜಿನಿಯರನಾಗಿರುತ್ತಿದ್ದ, ಇಲ್ಲವೇ ಕಾಲೇಜಿನ ಅಧ್ಯಾಪಕನಾಗಿರುತ್ತಿದ್ದ. ಆದರೆ ಆ ಉದ್ಯೋಗವು ಅವನು ತೊಟ್ಟ ಕೋಟಿನಂತೆ. ಮನೆಗೆ ಬಂದೊಡನೆ ಕಳಚಿ ಗೂಟಕ್ಕೆ ತಗುಲಿಹಾಕುತ್ತಿದ್ದ. ಕಥೆಯ ಸಂಕಟಗಳೆಲ್ಲ ಬೇರೆ ದಿಕ್ಕಿನಿಂದ ಬರುತ್ತಿದ್ದವು. ಜಾತಿ, ಜಾತಕ, ವರದಕ್ಷಿಣೆ, ಅತ್ತೆಯ ಮನೆ, ಕಾಯಿಲೆ, ತಪ್ಪು ತಿಳಿವಳಿಕೆ ಇವು ಪ್ರೇಮಿಗಳನ್ನು ಅಗಲಿಸುತ್ತಿದ್ದವು. ವಾರಪತ್ರಿಕೆಯ ಧಾರಾವಾಹಿಗಳನ್ನೂ ಬಾಡಿಗೆ ಪುಸ್ತಕದಂಗಡಿಯ ಕಾದಂಬರಿಗಳನ್ನೂ ಓದಿ ಬೆಳೆದ ತಲೆಮಾರು ಈ ಚೌಕಟ್ಟನ್ನು ಚೆನ್ನಾಗಿ ಬಲ್ಲದು.

ಇಂದು ಆ ಚೌಕಟ್ಟು ಬದಲಾಗಿದೆ. ಯುವಕ ಯುವತಿಯರ ಪರಿಚಯ ಕೆಲಸದ ಜಾಗದಲ್ಲಿ ಆಗುತ್ತದೆ, ಒಲವು ಕೆಲಸದ ನಡುವೆ ಬೆಳೆಯುತ್ತದೆ, ಮುರಿಯುವುದಾದರೂ ಕೆಲಸದ ಕಾರಣಕ್ಕೇ ಮುರಿಯುತ್ತದೆ. ಇದನ್ನು ಕಾಣಲು ಬೆಂಗಳೂರಿನ ಪೂರ್ವಭಾಗದಲ್ಲಿ ಒಂದು ಸಂಜೆ ಸುತ್ತಾಡಿದರೆ ಸಾಕು. ನಾಗವಾರದ ಮಾನ್ಯತಾ ಪಾರ್ಕಿನಿಂದ ಹೊರಡುವ ಕ್ಯಾಬುಗಳಲ್ಲಿ, ಸಿ.ವಿ. ರಾಮನ್ ನಗರದ ಬಾಗ್ಮನೆ ಆವರಣದ ಚಹಾದಂಗಡಿಗಳಲ್ಲಿ, ಇಂದಿರಾನಗರದ ಹಳೆಯ ಮನೆಗಳನ್ನು ಮಾರ್ಪಡಿಸಿ ಮಾಡಿದ ಕಚೇರಿಗಳಲ್ಲಿ ಇಬ್ಬಿಬ್ಬರು ಕುಳಿತು ಮಾತನಾಡುತ್ತಿರುವುದು ಮದುವೆಯ ಬಗೆಗೋ ಬಂಡವಾಳದ ಬಗೆಗೋ ಎಂದು ದೂರದಿಂದ ಹೇಳಲಾಗದು. ಎರಡೂ ಇರಬಹುದು. 1985ರಲ್ಲಿ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ತನ್ನ ಕೇಂದ್ರವನ್ನು ತೆರೆದಾಗ ಉಪಗ್ರಹ ಸಂಪರ್ಕದ ತಟ್ಟೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದರು. ಅಲ್ಲಿಂದ ಇಲ್ಲಿಗೆ ನಾಲ್ಕು ದಶಕಗಳು ಕಳೆದಿವೆ. ಸಾಲದ ಕಷ್ಟವನ್ನು ಮೂರೇ ಸಾಲುಗಳಲ್ಲಿ ಹೇಳಿದ ಕವಿಯ ಹೆಸರನ್ನು ಹೊತ್ತಿರುವ ಸರ್ವಜ್ಞನಗರದಲ್ಲಿ ಇಂದು ಸಾಲ ಮಾಡಿ ಕಂಪನಿ ಕಟ್ಟುವುದು ಯೌವನದ ಸಾಹಸವಾಗಿದೆ.

ಈ ಹೊಸ ಬದುಕಿಗೆ ತಕ್ಕ ಪ್ರೇಮಕಥೆ ಯಾವುದು? ಇಬ್ಬರು ಕೂಡಿ ಒಂದು ನವೋದ್ಯಮವನ್ನು ಕಟ್ಟುವಾಗ ಅವರ ನಡುವಿನ ಒಲವಿಗೆ ಏನಾಗುತ್ತದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ನಾಡಿಗೆ ಸೇರಿದ ಮೂರು ಪುಸ್ತಕಗಳನ್ನು ಒಟ್ಟಿಗೆ ಓದಿದಾಗ ಕಂಡ ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳಲಾಗಿದೆ. ಒಂದು, ಚಿತ್ರಾ ಬ್ಯಾನರ್ಜಿ ದಿವಾಕರುಣಿ ಅವರು ಸುಧಾ ಮೂರ್ತಿ ಮತ್ತು ನಾರಾಯಣ ಮೂರ್ತಿ ಅವರ ಆರಂಭದ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ 'ಆ್ಯನ್ ಅನ್‌ಕಾಮನ್ ಲವ್'. ಇದು 2024ರ ಆರಂಭದಲ್ಲಿ ಹೊರಬಂದಿತು. ಎರಡು, ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಕನ್ನಡದಲ್ಲಿ ಪ್ರಕಟವಾದ ಈ ಕಿರುಕಾದಂಬರಿ 2015ರಲ್ಲಿ ಶ್ರೀನಾಥ್ ಪೆರೂರ್ ಅವರ ಅನುವಾದದ ಮೂಲಕ ಹೊರನಾಡುಗಳ ಓದುಗರನ್ನೂ ತಲುಪಿತು. ಮೂರು, ಸುಧಾ ಮೂರ್ತಿ ಅವರದೇ ಕಾದಂಬರಿ 'ಜೆಂಟ್ಲಿ ಫಾಲ್ಸ್ ದ ಬಕುಲ'. ಇಂಗ್ಲಿಷಿನಲ್ಲಿ ಇದು 2008ರಲ್ಲಿ ಪ್ರಕಟವಾಯಿತು. ಮೊದಲನೆಯದು ಕಾದಂಬರಿಯ ಧಾಟಿಯ ಜೀವನಚಿತ್ರ, ಉಳಿದೆರಡು ಕಲ್ಪನೆಯ ಕೃತಿಗಳು. ಮೂರರಲ್ಲೂ ಒಂದು ದಾಂಪತ್ಯವಿದೆ, ಒಂದು ಕಂಪನಿಯಿದೆ, ಮತ್ತು ಆ ಕಂಪನಿಯ ಬಾಗಿಲಿನ ಹೊರಗೆ ನಿಂತ ಒಬ್ಬ ಹೆಣ್ಣುಮಗಳಿದ್ದಾಳೆ.

ಹರಿದುಹಾಕಿದ ಲೆಕ್ಕದ ಪುಸ್ತಕ

ಮೂರ್ತಿ ದಂಪತಿಗಳ ಕಥೆ ಕನ್ನಡಿಗರಿಗೆ ಹೊಸದಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ಸುಧಾ ಕುಲಕರ್ಣಿ ಎಂಬ ತರುಣಿ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದಿದ್ದ ಟೆಲ್ಕೊ ಕಂಪನಿಯ ಜಾಹೀರಾತನ್ನು ಕಂಡು ಕೆರಳಿ 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದರು. ಆ ಕಾರ್ಡಿನ ಫಲವಾಗಿ ಸಂದರ್ಶನದ ಕರೆ ಬಂದಿತು, ಕೆಲಸವೂ ಸಿಕ್ಕಿತು. ಪುಣೆಯಲ್ಲಿ ಸ್ನೇಹಿತ ಪ್ರಸನ್ನ ಅವರು ತಂದುಕೊಡುತ್ತಿದ್ದ ಪುಸ್ತಕಗಳ ಮೇಲೆ ಮತ್ತೆ ಮತ್ತೆ ಕಾಣುತ್ತಿದ್ದ ಒಂದು ಹೆಸರಿನ ಮೂಲಕ ನಾರಾಯಣ ಮೂರ್ತಿಯವರ ಪರಿಚಯವಾಯಿತು. ಮೂರ್ತಿಯವರ ಮೊದಲ ಕಂಪನಿ ಸಾಫ್ಟ್ರಾನಿಕ್ಸ್ ಕೈಕಚ್ಚಿತು. ಕೆಲಸದ ಭದ್ರತೆಯಿಲ್ಲದ ಹುಡುಗನಿಗೆ ಮಗಳನ್ನು ಕೊಡಲು ತಂದೆ ಹಿಂದೆಮುಂದೆ ನೋಡಿದರು. ಮೂರ್ತಿಯವರು ಪಟ್ನಿ ಕಂಪ್ಯೂಟರ್ಸ್ ಸೇರಿದ ಮೇಲೆ, 1978ರ ಫೆಬ್ರವರಿ 10ರಂದು ಬೆಂಗಳೂರಿನಲ್ಲಿ ಮದುವೆಯಾಯಿತು. ಒಟ್ಟು ಖರ್ಚು 800 ರೂಪಾಯಿ. ಇಬ್ಬರೂ ತಲಾ 400 ಹಾಕಿದರು.

ಸುಧಾ ಅವರು ತಮ್ಮ ಬರಹಗಳಲ್ಲಿ ಹೇಳಿಕೊಂಡಿರುವ ಒಂದು ಪುಟ್ಟ ವಿವರ ನನಗೆ ಈ ಇಡೀ ಕಥೆಯ ಬೀಗದ ಕೈಯಾಗಿ ತೋರುತ್ತದೆ. ಮದುವೆಗೆ ಮೊದಲು ಇಬ್ಬರೂ ಹೋಟೆಲಿಗೆ ಹೋದಾಗ ಬಿಲ್ಲನ್ನು ಹಂಚಿಕೊಳ್ಳುವುದು ನಿಯಮ. ಆದರೆ ಮೂರ್ತಿಯವರ ಕೈಯಲ್ಲಿ ಹಣವಿಲ್ಲದಾಗ ಅವರ ಪಾಲನ್ನೂ ಸುಧಾ ಅವರೇ ಕೊಡುತ್ತಿದ್ದರು. ಮುಂದೆ ತೀರಿಸುವೆನೆಂದು ಅವರು ಹೇಳುತ್ತಿದ್ದರು. ಮೂರು ವರ್ಷ ಆ ಸಾಲವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಮೊತ್ತ 4,000 ರೂಪಾಯಿಗಿಂತ ತುಸು ಹೆಚ್ಚಾಯಿತು. ಮದುವೆಯಾದ ಮೇಲೆ ಆ ಪುಸ್ತಕವನ್ನು ಹರಿದುಹಾಕಿದರು.

ಓದುಗರು ಇಲ್ಲಿ ಮುಗುಳ್ನಗುವುದು ಸಹಜ. ಸಾಲದ ಪುಸ್ತಕವನ್ನು ಹರಿಯುವುದಕ್ಕಿಂತ ಸುಂದರವಾದ ವಿವಾಹದ ಉಡುಗೊರೆ ಯಾವುದಿದೆ! ಆದರೆ ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ಗೆಳತಿಯಾಗಿದ್ದಾಗ ಆಕೆಯ ಕೊಡುಗೆಗೆ ಲೆಕ್ಕವಿತ್ತು. ಹೆಂಡತಿಯಾದ ದಿನದಿಂದ ಅದಕ್ಕೆ ಲೆಕ್ಕವಿಲ್ಲ. ಒಲವು ಲೆಕ್ಕವನ್ನು ಮೀರಬೇಕೆಂಬುದು ನಿಜ. ಆದರೆ ಮೀರುವುದು ಒಬ್ಬರ ಲೆಕ್ಕ ಮಾತ್ರವಾಗಿ, ಇನ್ನೊಬ್ಬರದು ಬ್ಯಾಲೆನ್ಸ್ ಶೀಟಾಗಿ ಬೆಳೆದರೆ ಅದನ್ನು ಏನೆಂದು ಕರೆಯೋಣ?

ಹತ್ತು ಸಾವಿರ ಮತ್ತು ಒಂದು ಷರತ್ತು

1981ರ ಜುಲೈ 2ರಂದು ಏಳು ಮಂದಿ ಇಂಜಿನಿಯರುಗಳು ಇನ್ಫೋಸಿಸ್ ಸಂಸ್ಥೆಯನ್ನು ಸ್ಥಾಪಿಸಿದರು. ಮೂಲ ಬಂಡವಾಳವಾದ 10,000 ರೂಪಾಯಿ, ಸುಧಾ ಅವರು ಗಂಡನಿಗೆ ತಿಳಿಯದಂತೆ ಉಳಿಸಿಟ್ಟಿದ್ದ ಹಣ. ಅದರ ಜೊತೆಗೆ ಅವರು ಮೂರು ವರ್ಷಗಳ ಅವಧಿಯನ್ನೂ ಕೊಟ್ಟರು. ಆ ಮೂರು ವರ್ಷ ಮನೆಯ ಖರ್ಚಿನ ಚಿಂತೆ ನಿಮಗೆ ಬೇಡ, ಅದು ನನ್ನದು ಎಂಬ ಭರವಸೆ ಅದು. ವಾಲ್‌ಚಂದ್ ಸಮೂಹದಲ್ಲಿ ಕೆಲಸಕ್ಕೆ ಸೇರಿ ಸಂಸಾರ ನಡೆಸಿದರು. ಪುಣೆಯ ಮನೆಯೇ ಕಂಪನಿಯ ಕಚೇರಿಯಾಯಿತು. ಆ ಮನೆಯಲ್ಲಿ ತಾವು ಗುಮಾಸ್ತೆಯೂ ಅಡುಗೆಯವಳೂ ಪ್ರೋಗ್ರಾಮರಳೂ ಆಗಿದ್ದೆವೆಂದು ಅವರೇ ಹೇಳಿಕೊಂಡಿದ್ದಾರೆ. 1983ರಲ್ಲಿ ಮೈಕೋ ಸಂಸ್ಥೆಯ ಕೆಲಸ ದೊರೆತು ಇನ್ಫೋಸಿಸ್ ಬೆಂಗಳೂರಿಗೆ ಬಂದಿತು. ಅದೇ ವರ್ಷ ಸುಧಾ ಅವರು ಎರಡನೆಯ ಹೆರಿಗೆಗೆ ಹುಬ್ಬಳ್ಳಿಗೆ ಹೋದರು. ಮಗ ಹುಟ್ಟಿದ ಹತ್ತು ದಿನಕ್ಕೆ ಗಂಡ ಕೆಲಸದ ಮೇಲೆ ಅಮೆರಿಕಕ್ಕೆ ಹೊರಟರು. ಮತ್ತೆ ಅವರನ್ನು ಕಂಡದ್ದು ವರ್ಷದ ಮೇಲೆ.

ಈ ನಡುವೆ ಸುಧಾ ಅವರೂ ಕಂಪನಿಯ ಆಡಳಿತದಲ್ಲಿ ಸೇರಲಿ ಎಂಬ ಸಲಹೆ ಬಂದಿತ್ತು. ಸಲಹೆ ಕೊಟ್ಟವರು ನಂದನ್ ನಿಲೇಕಣಿ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಕೂಡದು, ಇಬ್ಬರಲ್ಲಿ ಒಬ್ಬರು ಬರಬಹುದು ಎಂದು ಮೂರ್ತಿಯವರು ಹೇಳಿದರು. ಸುಧಾ ಅವರು ಹೊರಗುಳಿದರು.

'ಆ್ಯನ್ ಅನ್‌ಕಾಮನ್ ಲವ್' ಪುಸ್ತಕದ ಹೃದಯ ಇಲ್ಲಿದೆ. ಅದರ ಕೊರತೆಯೂ ಇಲ್ಲಿಯೇ ಇದೆ. ದಿವಾಕರುಣಿ ಅವರು ಅನುಭವಿ ಕಾದಂಬರಿಕಾರ್ತಿ. 2008ರಲ್ಲಿ ಬಂದ ಅವರ 'ದ ಪ್ಯಾಲೇಸ್ ಆಫ್ ಇಲ್ಯೂಷನ್ಸ್' ಮಹಾಭಾರತವನ್ನು ದ್ರೌಪದಿಯ ಬಾಯಿಂದ ಹೇಳಿಸಿದ ಕೃತಿ. ಗಂಡಸರ ಕಥೆಯಲ್ಲಿ ಮೂಲೆಗೆ ಸರಿಸಿದ ಹೆಣ್ಣಿನ ದನಿಯನ್ನು ಕೇಳುವ ಕಿವಿ ಅವರಿಗಿದೆ. ಈ ಪುಸ್ತಕದಲ್ಲೂ ಪುಣೆಯ ದಿನಗಳ ಲವಲವಿಕೆ, ತರುಣಿ ಸುಧಾ ಅವರ ದಿಟ್ಟತನ, ಎರಡು ಮನೆತನಗಳ ಸ್ವಭಾವಗಳು ಸಹಜವಾಗಿ ಮೂಡಿವೆ. ಆದರೆ ಹೊರಗುಳಿಯಬೇಕೆಂಬ ಷರತ್ತು ಎದುರಾದಾಗ ಲೇಖಕಿಯ ದನಿ ಮೆತ್ತಗಾಗುತ್ತದೆ. ನೋವು ಇದೆಯೆಂದು ಹೇಳುತ್ತಾರೆ, ಆ ನೋವಿನ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೊನೆಗೆ ಅದು ತ್ಯಾಗವೆಂಬ ಗೌರವದ ಹೆಸರು ಪಡೆದು ಕಥೆ ಮುಂದೆ ಸಾಗುತ್ತದೆ.

ಇದಕ್ಕೊಂದು ಕಾರಣವಿದೆ. ಇದು ಗೆದ್ದವರ ಕಥೆ. ಮೊದಲ ಪುಟವನ್ನು ತೆರೆಯುವಾಗಲೇ ಕೊನೆಯ ಪುಟ ಓದುಗರಿಗೆ ಗೊತ್ತಿದೆ. 1993ರಲ್ಲಿ ಷೇರುಪೇಟೆ ಸೇರಿದ, 1999ರಲ್ಲಿ ಅಮೆರಿಕದ ನಾಸ್ಡಾಕ್‌ವರೆಗೆ ಹೋದ ಕಂಪನಿಯ ಬೆಳಕಿನಲ್ಲಿ ಹಿಂತಿರುಗಿ ನೋಡಿದಾಗ ಹಿಂದಿನ ಒಂದೊಂದು ನಷ್ಟವೂ ಮುಂದಿನ ಲಾಭಕ್ಕೆ ಕಟ್ಟಿದ ಕಂತಿನಂತೆ ಕಾಣುತ್ತದೆ. ಕಂಪನಿ ಮುಳುಗಿದ್ದರೆ ಆ 10,000 ರೂಪಾಯಿಯನ್ನು ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೆವು? ತ್ಯಾಗವೆಂದೋ, ಪೆದ್ದತನವೆಂದೋ? ಬೆಂಗಳೂರಿನಲ್ಲಿ ಮುಚ್ಚಿಹೋದ ನವೋದ್ಯಮಗಳ ಹಿಂದೆಯೂ ಇಂತಹ ಹತ್ತು ಸಾವಿರಗಳಿವೆ, ಒತ್ತೆಯಿಟ್ಟ ಬಳೆಗಳಿವೆ, ಮನೆಯ ಬಾಡಿಗೆ ಕಟ್ಟಿದ ಸಂಬಳಗಳಿವೆ. ಅವುಗಳ ಕಥೆಯನ್ನು ಬರೆಸುವವರಿಲ್ಲ.

ಈ ವಿಷಯದಲ್ಲಿ ಪುಸ್ತಕಕ್ಕಿಂತ ಬದುಕೇ ಒಂದು ಹೆಜ್ಜೆ ಮುಂದೆ ಹೋಯಿತು. 2024ರ ಜನವರಿಯಲ್ಲಿ, ಈ ಪುಸ್ತಕದ ಬಿಡುಗಡೆಯ ಸಂದರ್ಭದಲ್ಲಿ ನೀಡಿದ ದೂರದರ್ಶನ ಸಂದರ್ಶನದಲ್ಲಿ, ಪತ್ನಿಯನ್ನು ಹೊರಗಿಟ್ಟ ತಮ್ಮ ಅಂದಿನ ಆದರ್ಶ ತಪ್ಪಾಗಿತ್ತೆಂದು ನಾರಾಯಣ ಮೂರ್ತಿಯವರೇ ಹೇಳಿದರು. ಅರ್ಹತೆಯಲ್ಲಿ ಆಕೆ ತಮಗಿಂತಲೂ ಉಳಿದ ಸ್ಥಾಪಕರಿಗಿಂತಲೂ ಮೇಲಿದ್ದರೆಂದು ಒಪ್ಪಿಕೊಂಡರು. ಪ್ರಸಿದ್ಧಿಯ ಶಿಖರದಲ್ಲಿರುವ ಹಿರಿಯರೊಬ್ಬರು ಹೀಗೆ ಬಹಿರಂಗವಾಗಿ ಹೇಳುವುದು ಸಣ್ಣ ಮಾತಲ್ಲ. ಆದರೆ ತ್ಯಾಗವೆಂದು ನಾವು ಕೊಂಡಾಡಿದ್ದನ್ನು, ಅದನ್ನು ಪಡೆದವರೇ ತಪ್ಪು ಎಂದು ಕರೆದ ಮೇಲೆ ನಮ್ಮ ಕೊಂಡಾಟದ ಗತಿಯೇನು? ಒಂದು ಒಳ್ಳೆಯ ಕಾದಂಬರಿ ಆರಂಭವಾಗಬೇಕಾದದ್ದು ಈ ಪ್ರಶ್ನೆಯಿಂದ.

ಮಸಾಲೆಯ ಕಂಪನಿ, ಇರುವೆಗಳ ಮನೆ

ಆದರೂ ಮೂರ್ತಿಯವರ ಅಂದಿನ ಅಂಜಿಕೆ ಸುಳ್ಳು ಅಂಜಿಕೆಯಾಗಿರಲಿಲ್ಲ. ಕಂಪನಿ ಮನೆಯ ಸೊತ್ತಾಗಬಾರದು, ಮನೆಯ ಋಣಗಳು ಕಂಪನಿಯನ್ನು ಆಳಬಾರದು ಎಂಬುದು ನಮ್ಮ ನಾಡಿನ ವ್ಯಾಪಾರದ ರೀತಿಯನ್ನು ಬಲ್ಲವರಿಗೆ ಅರ್ಥವಾಗುವ ಮಾತು. ಮನೆಯೂ ಕಂಪನಿಯೂ ಒಂದಾಗಿಬಿಟ್ಟರೆ ಏನಾಗುತ್ತದೆ? ಅದಕ್ಕೆ ಉತ್ತರವಾಗಿ 'ಘಾಚರ್ ಘೋಚರ್' ಇದೆ.

ಇದು ದೊಡ್ಡ ತಂತ್ರಜ್ಞಾನದ ಕಂಪನಿಯ ಕಥೆಯಲ್ಲ. ಚಹಾಪುಡಿ ಮಾರುವ ಸೇಲ್ಸ್‌ಮನ್ ಕೆಲಸದಿಂದ ತಂದೆ ಹೊರಬಿದ್ದಾಗ, ಅವನಿಗೆ ಬಂದ ಹಣವನ್ನು ಹಾಕಿ ಚಿಕ್ಕಪ್ಪ 'ಸೋನಾ ಮಸಾಲಾ' ಆರಂಭಿಸುತ್ತಾನೆ. ಕೇರಳದಿಂದ ಸಗಟಾಗಿ ಮಸಾಲೆ ಪದಾರ್ಥ ತರಿಸಿ, ಸಣ್ಣ ಪೊಟ್ಟಣಗಳಲ್ಲಿ ತುಂಬಿ, ಬೆಂಗಳೂರಿನ ದಿನಸಿ ಅಂಗಡಿಗಳಿಗೆ ಮಾರುವುದು ಕಸುಬು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಅಪ್ಪಟ ಸ್ಟಾರ್ಟ್‌ಅಪ್. ಅದು ಗೆಲ್ಲುತ್ತದೆ. ಇರುವೆಗಳ ಕಾಟದ ಪುಟ್ಟ ಮನೆಯಿಂದ ಕುಟುಂಬವು ದೊಡ್ಡ ಮನೆಗೆ ಬರುತ್ತದೆ. ಎಲ್ಲರೂ ಬಲ್ಲ ಬಡತನದ ಒಗ್ಗಟ್ಟು, ಯಾರೂ ಅರಿಯದ ಸಿರಿವಂತಿಕೆಯ ಒಗ್ಗಟ್ಟಾಗಿ ಮಾರ್ಪಡುತ್ತದೆ. ಗಳಿಸುವ ಚಿಕ್ಕಪ್ಪನ ಸುತ್ತ ಇಡೀ ಮನೆ ಸುತ್ತುತ್ತದೆ. ಅವನು ಯಾವ ಹೊತ್ತಿಗೆ ಬಂದರೂ ಊಟ ಸಿದ್ಧವಿರಬೇಕು, ಅವನ ನೆಮ್ಮದಿಗೆ ಭಂಗ ಬರಬಾರದು. ಅವನನ್ನು ಹುಡುಕಿಕೊಂಡು ಸಾರಿನ ಡಬ್ಬಿ ಹಿಡಿದು ಮನೆಯ ಬಾಗಿಲಿಗೆ ಬಂದ ಹೆಂಗಸನ್ನು ತಾಯಿ ಮಗಳು ಸೇರಿ ಬೈದು ಅಟ್ಟುವ ಪ್ರಸಂಗವನ್ನು ಓದಿದವರು ಮರೆಯಲಾರರು. ಆ ಸಾರಿನ ಪರಿಮಳವೂ, ಅದು ನೆಲಕ್ಕೆ ಚೆಲ್ಲುವುದೂ, ಆ ಹೆಂಗಸಿನ ಪರವಾಗಿ ಒಂದು ಮಾತೂ ಆಡದೆ ಒಳಗೇ ಉಳಿಯುವ ಚಿಕ್ಕಪ್ಪನೂ ಆ ಕುಟುಂಬದ ನೀತಿಯೇನೆಂಬುದನ್ನು ತೋರಿಸಿಕೊಡುತ್ತವೆ.

ಕಥೆ ಹೇಳುವ ಯುವಕನಿಗೆ ಹೆಸರಿಲ್ಲ. ಹೆಸರಿಗೆ ಕಂಪನಿಯಲ್ಲಿ ಒಂದು ಸ್ಥಾನವಿದೆ, ತಿಂಗಳಿಗೊಮ್ಮೆ ಖಾತೆಗೆ ಹಣ ಬೀಳುತ್ತದೆ, ಮಾಡಲು ಕೆಲಸವಿಲ್ಲ. ಅವನು ಹೈದರಾಬಾದಿನ ಅನಿತಾಳನ್ನು ಮದುವೆಯಾಗುತ್ತಾನೆ. ಮೊದಲ ದಿನಗಳ ಸಲಿಗೆಯಲ್ಲಿ, ಗಂಟುಬಿದ್ದ ಲಾಡಿಯನ್ನು ಬಿಡಿಸಲಾಗದಾಗ, ಅವಳು ತನ್ನ ತವರಿನವರಷ್ಟೇ ಬಲ್ಲ ಒಂದು ಮಾತನ್ನು ಆಡುತ್ತಾಳೆ. ಯಾವ ನಿಘಂಟಿನಲ್ಲೂ ಇಲ್ಲದ ಆ 'ಘಾಚರ್ ಘೋಚರ್' ಅವರಿಬ್ಬರ ಗುಟ್ಟಿನ ಮಾತಾಗುತ್ತದೆ. ಇಷ್ಟು ನವಿರಾದ ಪ್ರೇಮದ ಗಳಿಗೆ ಕನ್ನಡದ ಇತ್ತೀಚಿನ ಗದ್ಯದಲ್ಲಿ ಅಪರೂಪ. ಆದರೆ ಗಂಡನಿಗೆ ನಿಜವಾದ ಕೆಲಸವಿಲ್ಲವೆಂದು, ತಾನು ಉಣ್ಣುತ್ತಿರುವುದು ಚಿಕ್ಕಪ್ಪನ ಗಳಿಕೆಯನ್ನೆಂದು ತಿಳಿದಾಗ ಅವಳ ಮನಸ್ಸು ಒಡೆಯುತ್ತದೆ. ಅವಳಿಗೆ ಸಿರಿವಂತಿಕೆ ಬೇಕಾಗಿರಲಿಲ್ಲ. ದುಡಿಯುವ ಗಂಡ ಬೇಕಾಗಿತ್ತು. ಬಾಗಿಲಿಗೆ ಬಂದ ಹೆಂಗಸಿಗಾದ ಅನ್ಯಾಯವನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಿದವಳೂ ಅವಳೊಬ್ಬಳೇ.

ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ವಿಚಿತ್ರ ಕನ್ನಡಿ ದೊರೆಯುತ್ತದೆ. ಒಂದು ಕಡೆ, ದುಡಿಯಲು ಸಿದ್ಧಳಾಗಿಯೂ ಒಳಗೆ ಬರಬಾರದೆಂದು ಕೇಳಿಸಿಕೊಂಡ ಹೆಂಡತಿ. ಇನ್ನೊಂದು ಕಡೆ, ಏನೂ ಮಾಡದೆ ಒಳಗೇ ಕುಳಿತ ಗಂಡ. ಮೊದಲನೆಯವರಿಗೆ ಪಾಲು ಸಿಕ್ಕಿತು, ಪಾತ್ರ ಸಿಗಲಿಲ್ಲ. ಇಲ್ಲಿ ನ್ಯಾಯವಾಗಿ ಹೇಳಬೇಕು: ಸುಧಾ ಅವರ ಹೆಸರಿಗೂ ಇನ್ಫೋಸಿಸ್ ಷೇರುಗಳು ಬಂದವು, 1996ರಲ್ಲಿ ಆರಂಭವಾದ ಇನ್ಫೋಸಿಸ್ ಪ್ರತಿಷ್ಠಾನದ ಮೂಲಕ ಅವರು ತಮ್ಮದೇ ದೊಡ್ಡ ಕಾರ್ಯಕ್ಷೇತ್ರವನ್ನು ಕಟ್ಟಿಕೊಂಡರು. ಕಳೆದುಕೊಂಡದ್ದು ಹಣವನ್ನಲ್ಲ, ತಾವು ಓದಿ ಕಲಿತ ಕೆಲಸವನ್ನು ಆ ಮೇಜಿನ ಬಳಿ ಕುಳಿತು ಮಾಡುವ ಅವಕಾಶವನ್ನು. ಶಾನಭಾಗರ ನಾಯಕನಿಗೆ ಪಾತ್ರವಿಲ್ಲದ ಪಾಲು ಸಿಕ್ಕಿತು, ಅದು ಅವನನ್ನು ಒಳಗಿನಿಂದ ಟೊಳ್ಳು ಮಾಡಿತು. ದುಡಿಮೆಯಿಂದ ದೂರವಾದ ಪಾಲು ಮನುಷ್ಯನನ್ನು ಹೇಗೆ ಕರಗಿಸುತ್ತದೆಂಬುದನ್ನು ಇಷ್ಟು ಕಡಿಮೆ ಮಾತುಗಳಲ್ಲಿ ಹೇಳಿದ ಕೃತಿ ಇನ್ನೊಂದಿಲ್ಲ.

ಕಥೆಯ ಚೌಕಟ್ಟಾಗಿ ಒಂದು ಕಾಫಿ ಹೌಸ್ ಇದೆ, ಅಲ್ಲಿ ವಿನ್ಸೆಂಟ್ ಎಂಬ ಪರಿಚಾರಕನಿದ್ದಾನೆ. 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡ ಇಂಡಿಯಾ ಕಾಫಿ ಹೌಸಿನಲ್ಲಿ ಕುಳಿತವರಿಗೆ, ದಂಡು ಪ್ರದೇಶದ ಬೀದಿಗಳನ್ನು ಬಲ್ಲವರಿಗೆ ಈ ವಿನ್ಸೆಂಟ್ ಅಪರಿಚಿತನಲ್ಲ. ಕೆಲವೇ ಮಾತು, ಅಚ್ಚುಕಟ್ಟಾದ ನಡೆ, ಎಲ್ಲವನ್ನೂ ಕಂಡೂ ಕಾಣದಂತಿರುವ ಕಣ್ಣು. ನಾಯಕನು ಅವನ ಮಾತುಗಳಲ್ಲಿ ದಿವ್ಯವಾಣಿಯನ್ನು ಹುಡುಕುತ್ತಾನೆ. ನನ್ನ ಓದಿನಲ್ಲಿ ವಿನ್ಸೆಂಟನ ಮಹತ್ವ ಇನ್ನೂ ಸರಳವಾದುದು. ಮುಂಗಡವಾಗಿ ಸಂಬಳ ಪಡೆದು ಸುಮ್ಮನೆ ಕುಳಿತವರ ಈ ಕಥೆಯಲ್ಲಿ, ತಾನು ಮಾಡುವ ಕೆಲಸವನ್ನು ಚೆನ್ನಾಗಿ ಮಾಡುವವನು ಅವನು. ಕೊನೆಯಲ್ಲಿ ಊರಿಗೆ ಹೋದ ಅನಿತಾ ಮರಳಿ ಬಂದಿಲ್ಲ, ಸುದ್ದಿಯೂ ಇಲ್ಲ. ಏನಾಗಿರಬಹುದೆಂಬ ಅನುಮಾನ ಓದುಗನ ಬೆನ್ನಹುರಿಯಲ್ಲಿ ಹರಿಯುವಾಗ ನಾಯಕನ ಕೈಯ ಮೇಲಿನ ರಕ್ತವನ್ನು ಗಮನಿಸಿ ಹೇಳುವವನೂ ವಿನ್ಸೆಂಟನೇ.

ಬಕುಲದ ಹೂವು ಉದುರಿದ ಮೇಲೆ

ಮೂರನೆಯ ಕೃತಿಯಲ್ಲಿ ಹೆಂಡತಿ ಬಾಗಿಲನ್ನು ತಾನೇ ತೆರೆದು ಹೊರಡುತ್ತಾಳೆ. 'ಜೆಂಟ್ಲಿ ಫಾಲ್ಸ್ ದ ಬಕುಲ' ಕಾದಂಬರಿಯ ಶ್ರೀಮತಿ ಮತ್ತು ಶ್ರೀಕಾಂತ ಹುಬ್ಬಳ್ಳಿಯ ಅಕ್ಕಪಕ್ಕದ ಮನೆಯವರು. ಓದಿನಲ್ಲಿ ಸಮಾನರು. ಅವಳಿಗೆ ಇತಿಹಾಸದಲ್ಲಿ ಆಸಕ್ತಿ, ಅವನಿಗೆ ತಂತ್ರಜ್ಞಾನದಲ್ಲಿ. ಮನೆಗಳ ಹಳೆಯ ವೈರವನ್ನು ಮೀರಿ ಮದುವೆಯಾಗುತ್ತಾರೆ. ಅವನು ಕಂಪನಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ; ಅವಳು ಅವನ ಅತಿಥಿಗಳನ್ನು ನೋಡಿಕೊಳ್ಳುವ, ಅವನ ಪ್ರಯಾಣದ ಪೆಟ್ಟಿಗೆ ಸಿದ್ಧಪಡಿಸುವ ಗೃಹಿಣಿಯಾಗುತ್ತಾಳೆ. ಪ್ರೊಫೆಸರ್ ಕಾಲಿನ್ಸ್ ಎಂಬ ವಿದ್ವಾಂಸರ ಭೇಟಿಯಿಂದ ಬಿಟ್ಟುಹೋದ ಓದು ಮತ್ತೆ ನೆನಪಾಗುತ್ತದೆ. ಕೊನೆಗೆ ಅವಳು ಸಂಶೋಧನೆಗೆಂದು ಅಮೆರಿಕಕ್ಕೆ ಹೊರಟುಬಿಡುತ್ತಾಳೆ.

ಕಲೆಯ ದೃಷ್ಟಿಯಿಂದ ಮೂರರಲ್ಲಿ ಇದು ಅತ್ಯಂತ ಸರಳವಾದ ಕೃತಿ. ಪಾತ್ರಗಳು ಒಂದೇ ಬಣ್ಣದವು, ಮಾತುಗಳು ಉಪದೇಶದ ಕಡೆಗೆ ವಾಲುತ್ತವೆ, ಶ್ರೀಕಾಂತನ ಒಳಮನಸ್ಸಿಗೆ ಲೇಖಕಿ ಹೆಚ್ಚು ಇಳಿಯುವುದಿಲ್ಲ. ಆದರೂ ಒಂದು ಕಾರಣಕ್ಕೆ ಈ ಕಾದಂಬರಿಯನ್ನು ಗೌರವಿಸಬೇಕು. ಜೀವನಚರಿತ್ರೆಯು ಹೇಳಲು ಹಿಂಜರಿದ ಮಾತನ್ನು ಇದು ನೇರವಾಗಿ ಹೇಳಿದೆ. ಬೇರೆಯವರು ತನ್ನ ಬದುಕನ್ನು ಬರೆದಾಗ ತ್ಯಾಗವಾಗಿ ಕಂಡದ್ದನ್ನು, ತಾವೇ ಕಲ್ಪನೆಯಲ್ಲಿ ಬರೆದಾಗ ಲೇಖಕಿ ನಷ್ಟವೆಂದು ಕಂಡರು. ಕಾದಂಬರಿಯನ್ನು ಬರೆದವರ ಆತ್ಮಕಥೆಯಾಗಿ ಓದಬಾರದೆಂಬುದು ವಿಮರ್ಶೆಯ ಮೊದಲ ಪಾಠ. ಶ್ರೀಮತಿ ಸುಧಾ ಅವರಲ್ಲ, ಶ್ರೀಕಾಂತ ಮೂರ್ತಿಯವರಲ್ಲ. ಆದರೆ ಒಂದು ಕಾಲದ ವಿದ್ಯಾವಂತ ಹೆಣ್ಣುಮಕ್ಕಳ ಎದೆಯಲ್ಲಿದ್ದ ಪ್ರಶ್ನೆ ಒಂದೇ ಆಗಿತ್ತೆಂದು ಹೇಳಲು ಅಡ್ಡಿಯಿಲ್ಲ.

ಬೆವರಿಗೆ ಬೆಲೆ ಕಟ್ಟುವ ಬಗೆ

ಒಬ್ಬಾಕೆ ಉಳಿದಳು, ಒಬ್ಬಾಕೆ ಹೊರಟಳು, ಒಬ್ಬಾಕೆ ಕಾಣೆಯಾದಳು. ಮೂರು ಮುಕ್ತಾಯಗಳಲ್ಲಿ ಒಂದರಲ್ಲೂ ಗಂಡ ಹೆಂಡತಿ ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ಕೆಲಸ ಮಾಡುವುದಿಲ್ಲ. ಬದುಕಿನಲ್ಲಿ ಅಂತಹ ಜೋಡಿಗಳಿಲ್ಲವೇ? ಇದ್ದಾರೆ. ಬೆಂಗಳೂರಿನಲ್ಲಿಯೇ ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬಯೋಕಾನ್ ಸಂಸ್ಥೆಯನ್ನು ಒಂದು ಬಾಡಿಗೆ ಗ್ಯಾರೇಜಿನಲ್ಲಿ ಆರಂಭಿಸಿದರು. ಆರಂಭದ ಬಂಡವಾಳ ಅಲ್ಲಿಯೂ 10,000 ರೂಪಾಯಿಯೇ! 1998ರಲ್ಲಿ ಅವರನ್ನು ಮದುವೆಯಾದ ಜಾನ್ ಶಾ, ಮದುರಾ ಕೋಟ್ಸ್ ಕಂಪನಿಯ ಮುಖ್ಯಸ್ಥರಾಗಿದ್ದವರು, ತಮ್ಮ ಹುದ್ದೆಯನ್ನು ಬಿಟ್ಟು ಹೆಂಡತಿಯ ಕಂಪನಿಯನ್ನು ಸೇರಿ ಅದರ ಉಪಾಧ್ಯಕ್ಷರಾದರು. ಗಂಡ ಹೆಂಡತಿ ಒಟ್ಟಿಗಿದ್ದ ಮಾತ್ರಕ್ಕೆ ಆ ಕಂಪನಿ ಕೆಡಲಿಲ್ಲ. 2004ರಲ್ಲಿ ಷೇರುಪೇಟೆಗೂ ಬಂದಿತು. ಇನ್ನೊಂದು ಕಡೆ, ಅಮೆರಿಕದಲ್ಲಿ ಸ್ಯಾಂಡಿ ಲರ್ನರ್ ಮತ್ತು ಲೆನ್ ಬೊಸಾಕ್ ದಂಪತಿಗಳು 1984ರಲ್ಲಿ ಸಿಸ್ಕೊ ಕಂಪನಿಯನ್ನು ಕಟ್ಟಿದರು. 1990ರಲ್ಲಿ ಆಕೆಯನ್ನು ಕಂಪನಿಯಿಂದ ತೆಗೆದುಹಾಕಿದಾಗ ಗಂಡನೂ ರಾಜೀನಾಮೆ ಕೊಟ್ಟು ಹೊರಬಂದ. ಅವರ ದಾಂಪತ್ಯವೂ ಉಳಿಯಲಿಲ್ಲ. ಎರಡೂ ಕಥೆಗಳಲ್ಲಿ ಒಂದೊಂದು ಕಾದಂಬರಿಗೆ ಬೇಕಾದಷ್ಟು ಸಾಮಗ್ರಿ ಇದೆ.

ಕಾನೂನು ಕೂಡ ಈ ವಿಷಯದಲ್ಲಿ ನಿಧಾನವಾಗಿ ಕಣ್ಣು ತೆರೆಯುತ್ತಿದೆ. 2013ರ ಕಂಪನಿ ಕಾಯಿದೆಯಲ್ಲಿ 'ಸ್ವೆಟ್ ಇಕ್ವಿಟಿ' ಎಂಬ ಷೇರಿನ ಬಗೆಯೊಂದಿದೆ. ಬೆವರಿನ ಪಾಲು ಎಂದು ಕನ್ನಡದಲ್ಲಿ ಕರೆಯಬಹುದು. ಹಣ ಹಾಕದಿದ್ದರೂ ಜ್ಞಾನ ಮತ್ತು ಪರಿಶ್ರಮವನ್ನು ಹಾಕಿದವರಿಗೆ ಕಂಪನಿಯು ಷೇರು ಕೊಡಬಹುದು. ಆದರೆ ಅದು ನಿರ್ದೇಶಕರಿಗೆ ಮತ್ತು ನೌಕರರಿಗೆ ಮಾತ್ರ. ಮನೆಯನ್ನೇ ಕಚೇರಿಯಾಗಿ ಬಿಟ್ಟುಕೊಟ್ಟು, ಹತ್ತು ಜನಕ್ಕೆ ಅಡುಗೆ ಮಾಡಿ, ರಾತ್ರಿ ಕುಳಿತು ಪ್ರೋಗ್ರಾಮ್ ಬರೆದುಕೊಟ್ಟ ಹೆಂಡತಿ ನೇಮಕಾತಿ ಪತ್ರವಿಲ್ಲದ ಕಾರಣಕ್ಕೆ ಆ ಪಟ್ಟಿಯ ಹೊರಗೆ ಉಳಿಯುತ್ತಾಳೆ. 2023ರ ಜೂನ್ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ಗಂಡನ ಗಳಿಕೆಯಲ್ಲಿ ಗೃಹಿಣಿಯ ದುಡಿಮೆಯೂ ಸೇರಿದೆ, ಹಾಗೆ ಕೊಂಡ ಆಸ್ತಿಯಲ್ಲಿ ಆಕೆಗೆ ಸಮಪಾಲಿದೆ ಎಂದು ತೀರ್ಪು ನೀಡಿತು. ಆ ತೀರ್ಪು ಪಾಲಿನ ಪ್ರಶ್ನೆಗೆ ಉತ್ತರ ಕೊಡುತ್ತದೆ. ಪಾತ್ರದ ಪ್ರಶ್ನೆಗೆ ಉತ್ತರ ಕೊಡುವುದು ನ್ಯಾಯಾಲಯದ ಕೆಲಸವಲ್ಲ. ಅದು ಒಲವಿನ ಕೆಲಸ. ಆದ್ದರಿಂದಲೇ ಸಾಹಿತ್ಯದ ಕೆಲಸ.

ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇನ್ಫೋಸಿಸ್ ಸಂಸ್ಥೆಯು 1994ರಲ್ಲಿ ನೌಕರರಿಗೂ ಷೇರು ಹಂಚುವ ಯೋಜನೆಯನ್ನು ತಂದು ದೇಶಕ್ಕೆ ಮಾದರಿಯಾಯಿತು. ದುಡಿದವರಿಗೆ ಪಾಲಿರಬೇಕೆಂಬ ನೀತಿಯನ್ನು ಕಲಿಸಿದ ಕಂಪನಿಯೇ, ಮೊದಲ ದಿನಗಳಲ್ಲಿ ದುಡಿದವಳಿಗೆ ಪಾತ್ರವಿಲ್ಲವೆಂದಿತು. 2013ರಲ್ಲಿ ನಾರಾಯಣ ಮೂರ್ತಿಯವರು ನಿವೃತ್ತಿಯಿಂದ ಮರಳಿ ಬಂದಾಗ ಮಗ ರೋಹನ್ ಅವರ ಕಾರ್ಯನಿರ್ವಾಹಕ ಸಹಾಯಕರಾಗಿ ಒಂದು ವರ್ಷ ಒಳಗಿದ್ದರು. ಹೆಂಡತಿಗೆ ಹಾಕಿದ ನಿಯಮ ಮಗನಿಗೆ ಸಡಿಲವಾದದ್ದನ್ನು ಯಾರನ್ನೂ ದೂರಲು ಇಲ್ಲಿ ಹೇಳುತ್ತಿಲ್ಲ. ಒಳ್ಳೆಯವರ ಆದರ್ಶಗಳು ಕೂಡ ಮನೆಯ ಹೆಂಗಸಿನ ಬಳಿ ಬಂದಾಗ ಮಾತ್ರ ಅತ್ಯಂತ ಬಿಗಿಯಾಗುವುದು ನಮ್ಮ ಸಮಾಜದ ರೂಢಿ. ಇಂತಹ ವಿವರವನ್ನು ಹಿಡಿದು ನಿಲ್ಲಿಸಬಲ್ಲ ಲೇಖನಿಯೇ ಕಾದಂಬರಿಕಾರನ ಲೇಖನಿ.

ಬರಬೇಕಾದ ಕಾದಂಬರಿ

ಹಾಗಾದರೆ ಈ ಕಾಲದ ಪ್ರೇಮಕಾದಂಬರಿಯಿಂದ ನಾವು ಏನನ್ನು ಬಯಸಬೇಕು? ಗಾಜಿನ ಕಟ್ಟಡಗಳ ವರ್ಣನೆಯನ್ನಲ್ಲ, ಹೂಡಿಕೆದಾರರ ಮುಂದೆ ನಾಯಕ ಮಾಡುವ ಭಾಷಣವನ್ನೂ ಅಲ್ಲ. ಲಿಂಗರಾಜಪುರದಲ್ಲೋ ಕಮ್ಮನಹಳ್ಳಿಯಲ್ಲೋ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರು ಕೂಡಿ ಕಂಪನಿ ಆರಂಭಿಸುತ್ತಾರೆ ಎಂದಿಟ್ಟುಕೊಳ್ಳೋಣ. ಮೊದಲ ತಿಂಗಳ ಸಂಬಳವನ್ನು ಯಾರು ಬಿಡುತ್ತಾರೆ? ನೌಕರಿಯನ್ನು ಯಾರು ಉಳಿಸಿಕೊಳ್ಳುತ್ತಾರೆ? ಗಿರಾಕಿ ಬಂದಾಗ ಚಹಾ ತರುವವರು ಯಾರು, ಮಾತನಾಡುವವರು ಯಾರು? ಮಗು ಹುಟ್ಟಿದ ಹತ್ತನೆಯ ದಿನ ಪ್ರಯಾಣ ಹೊರಡುವವರು ಯಾರು? ಜಗಳವಾದ ಮರುದಿನ ಬೆಳಿಗ್ಗೆ ಅದೇ ಮೇಜಿಗೆ ಬಂದು ಕುಳಿತು ಲೆಕ್ಕ ನೋಡುವುದು ಹೇಗೆ? ಈ ಸಣ್ಣ ಪ್ರಶ್ನೆಗಳಲ್ಲಿ ಇಂದಿನ ಪ್ರೇಮದ ಪರೀಕ್ಷೆಯಿದೆ. ಹಿಂದಿನ ಕಾದಂಬರಿಗಳಲ್ಲಿ ಜಾತಕ ಮಾಡುತ್ತಿದ್ದ ಕೆಲಸವನ್ನು ಇಂದು ಪಾಲುದಾರಿಕೆಯ ಪತ್ರ ಮಾಡುತ್ತಿದೆ; ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದರಲ್ಲಿ ಮುಂದಿನ ಭವಿಷ್ಯ ಬರೆದಿರುತ್ತದೆ.

ಅಂತಹ ಕಾದಂಬರಿ ಗೆಲುವಿನಲ್ಲೇ ಮುಗಿಯಬೇಕೆಂದಿಲ್ಲ. ಕಂಪನಿ ಮುಚ್ಚಿ ಸಂಬಂಧ ಉಳಿಯಬಹುದು. ಕಂಪನಿ ಬೆಳೆದು ಸಂಬಂಧ ಸೊರಗಬಹುದು. ಶಾನಭಾಗರಿಂದ ಅದು ಸಂಯಮವನ್ನು ಕಲಿಯಬೇಕು, ದಿವಾಕರುಣಿ ಅವರಿಂದ ಯೌವನದ ಹುಮ್ಮಸ್ಸಿನ ಮೇಲಿನ ಪ್ರೀತಿಯನ್ನು, ಸುಧಾ ಮೂರ್ತಿ ಅವರಿಂದ ನೇರವಾಗಿ ಕೇಳುವ ಧೈರ್ಯವನ್ನು. ಮೂವರೂ ಬಿಟ್ಟುಹೋದ ಆ ಒಂದು ದೃಶ್ಯವನ್ನು ಅದು ಬರೆಯಬೇಕು: ಒಳಗೆ ಯಾರು ಬರಬೇಕೆಂಬ ಪ್ರಶ್ನೆ ಎದ್ದಾಗ ಇಬ್ಬರೂ ಕುಳಿತು, ಎದ್ದುಹೋಗದೆ, ಕೊನೆಯವರೆಗೂ ಮಾತನಾಡುವ ದೃಶ್ಯವನ್ನು.

ಅದು ಬರುವವರೆಗೆ ಈ ಮೂರು ಪುಸ್ತಕಗಳನ್ನು ಮದುವೆಯ ಹೊಸ್ತಿಲಲ್ಲಿರುವ ನಮ್ಮ ಯುವಕ ಯುವತಿಯರು ಜೊತೆಯಾಗಿ ಓದಲಿ. ಒಬ್ಬರು ಓದಿ ಇನ್ನೊಬ್ಬರಿಗೆ ಸಾರಾಂಶ ಹೇಳುವುದು ಬೇಡ; ಇಬ್ಬರೂ ಓದಲಿ. ಅನಿತಾಳ ಮೌನ ಎಲ್ಲಿ ಆರಂಭವಾಯಿತು, ಶ್ರೀಮತಿ ಯಾವ ದಿನ ಹೊರಡಲು ತೀರ್ಮಾನಿಸಿದಳು, ಆ ಹತ್ತು ಸಾವಿರದ ಜೊತೆಗೆ ಇನ್ನೇನನ್ನೆಲ್ಲ ಕೊಡಲಾಯಿತು ಎಂದು ಪರಸ್ಪರ ಕೇಳಿಕೊಳ್ಳಲಿ. ಸಾಲದ ಪುಸ್ತಕವನ್ನು ಹರಿದುಹಾಕುವ ಔದಾರ್ಯ ಪ್ರೇಮಕ್ಕೆ ಶೋಭೆ ತರುತ್ತದೆ. ಹರಿಯುವ ಮುನ್ನ ಅದರಲ್ಲಿ ಏನು ಬರೆದಿತ್ತೆಂಬುದನ್ನು ಇಬ್ಬರೂ ಒಮ್ಮೆ ಓದಿಕೊಂಡರೆ ಆ ಶೋಭೆ ಬಹುಕಾಲ ನಿಂತೀತು.